ಬೈಕಂಪಾಡಿಯ ಟೋ ಬಾರ್: ವೆಲ್ಡಿಂಗ್‌ಗೆ ಪೂರ್ತಿ ಅಂಕ, ತೂಕದ ಲೆಕ್ಕಕ್ಕೆ ಸೊನ್ನೆ

ಬೈಕಂಪಾಡಿಯ ಈ ವರ್ಕ್‌ಶಾಪಿನ ಕಬ್ಬಿಣದ ಕೆಲಸಕ್ಕೆ ಕುಂದು ಹೇಳುವಂತಿಲ್ಲ. ಟ್ರೇಲರ್ ಎಳೆಯಲು ಗಾಡಿಯ ಹಿಂದೆ ಕೂರಿಸುವ ಟೋ ಬಾರನ್ನು ಬಂಪರಿಗೆ ಸಿಕ್ಕಿಸದೆ ಚಾಸಿಯ ಎರಡೂ ಬದಿಗೆ ಬೋಲ್ಟ್ ಮಾಡಿದ್ದಾರೆ. ಟ್ರೇಲರ್ ಸಿಕ್ಕಿಸುವ ಗುಂಡು, ಅಂದರೆ ಬಾಲ್, 50 ಮಿ.ಮೀ. ಉಪ್ಪುಗಾಳಿಯ ಊರೆಂದು ತಿಳಿದು ಕೊರೆದ ತೂತುಗಳ ಒಳಗೂ ಪ್ರೈಮರ್ ಬಳಿದಿದ್ದಾರೆ. ಬೊಲೆರೊ, ಸ್ಕಾರ್ಪಿಯೊ-ಎನ್‌ನಂಥ ಲ್ಯಾಡರ್ ಫ್ರೇಮ್ (ಏಣಿಯಂಥ ಪ್ರತ್ಯೇಕ ಚಾಸಿ) ಗಾಡಿಗೆ ಇದು ಸರಿ. ಕ್ರೆಟಾದಂಥ ಮೊನೊಕಾಕ್ (ಮೈಯೇ ಚೌಕಟ್ಟಾದ) ಕಾರಿಗೆ ಇದೇ ಬಾರ್ ಹಾಕಿಸಬೇಡಿ, ಅದರಡಿ ಬೋಲ್ಟ್ ಹಿಡಿಯುವ ಚಾಸಿಯೇ ಇಲ್ಲ.

ತಕರಾರು ಶುರುವಾಗುವುದು ‘ಎಷ್ಟು ಕೆ.ಜಿ. ಎಳೆಯಬಹುದು?’ ಎಂದು ಕೇಳಿದಾಗ. ‘ಎಳೀತದೆ ಮಾರಾಯ್ರೆ, ಎಂತ ಆಗುದಿಲ್ಲ’ ಎಂಬುದು ಉತ್ತರವಲ್ಲ. ಗಾಡಿಯ ಓನರ್ಸ್ ಮ್ಯಾನ್ಯುಯಲ್, ಟೋ ಬಾರ್, ಕಪ್ಲರ್ (ಬಾಲ್ ಹಿಡಿಯುವ ಟ್ರೇಲರಿನ ಬಾಯಿ) ಮೂರರಲ್ಲಿ ಯಾವುದರ ಅಂಕಿ ಕಡಿಮೆಯೋ ಅದೇ ಮಿತಿ. ಬಾರ್ ಎಷ್ಟು ದಪ್ಪವಿದ್ದರೂ ಗಾಡಿಯ ಬ್ರೇಕ್ ದೊಡ್ಡದಾಗುವುದಿಲ್ಲ.

ಇವರೇ ಕಟ್ಟಿದ ಒಂದೇ ಆಕ್ಸಲ್‌ನ ಕ್ಯಾಂಪರ್ ಟ್ರೇಲರ್ ಸಾಮಾನು ತುಂಬಿ ವೇಬ್ರಿಡ್ಜ್ ಹತ್ತಿದಾಗ 900 ಕೆ.ಜಿ. ಕಪ್ಲರಿನಡಿ ಮರದ ತುಂಡು, ಅದರ ಕೆಳಗೆ ಮನೆಯ ತೂಕದ ಯಂತ್ರ ಇಟ್ಟು, ಟ್ರೇಲರ್ ಮಟ್ಟವಾಗಿ ನಿಂತಾಗ ಅಳೆದರೆ ಮೂತಿಯ ಭಾರ (ಟ್ರೇಲರಿನ ಮುಂತುದಿ ಬಾಲ್ ಮೇಲೆ ಹಾಕುವ ತೂಕ) ಬರೇ 42 ಕೆ.ಜಿ., ಅಂದರೆ ಶೇ 5ಕ್ಕೂ ಕಡಿಮೆ. ಈ ಬಗೆಯ ಟ್ರೇಲರಿಗೆ ಶೇ 10ರ ಆಸುಪಾಸು ಇರಬೇಕು. ಹೆದ್ದಾರಿ 66ರಲ್ಲಿ ವೇಗ 65 ದಾಟಿದರೆ ಟ್ರೇಲರಿನ ಹಿಂಭಾಗ ಅಲ್ಲಾಡುವುದು ಇದಕ್ಕೇ, ಗಾಳಿಯನ್ನು ದೂರಿ ಪ್ರಯೋಜನವಿಲ್ಲ.

ತಪ್ಪು ನೀರಿನ ಟ್ಯಾಂಕಿನ ಜಾಗದ್ದು. 60 ಲೀಟರಿನ ಟ್ಯಾಂಕ್ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದೆ, ಆಕ್ಸಲ್‌ನಿಂದ ಬಾಲ್‌ಗೆ 3 ಮೀಟರ್. 60ನ್ನು 1.2ರಿಂದ ಗುಣಿಸಿ 3ರಿಂದ ಭಾಗಿಸಿ: ತುಂಬಿದ ಟ್ಯಾಂಕ್ ಮೂತಿಯನ್ನು 24 ಕೆ.ಜಿ. ಎತ್ತುತ್ತದೆ. ನೀರು ಖಾಲಿ ಮಾಡಿದರೆ 66. ಆಕ್ಸಲ್ ಮೇಲಿದ್ದ 30 ಕೆ.ಜಿ.ಯ ತುಂಬಿದ ಗ್ಯಾಸ್ ಸಿಲಿಂಡರನ್ನು 2.4 ಮೀಟರ್ ಮುಂದೆ ಕಟ್ಟಿದರೆ ಇನ್ನೂ 24 ಸೇರಿ 90. ನೀರು ಕಳೆದು ಉಳಿದ ಒಟ್ಟು 840ಕ್ಕೆ ಇದು ಸಾಕು. ಮಲಗುವ ಊರಲ್ಲಿ ನೀರು ತುಂಬಿಸಿಕೊಳ್ಳಿ, ಉಡುಪಿಯಲ್ಲಿ ನೀರಿಗೇನು ಬರ!

ಆದರೆ ಈ 90 ಕೆ.ಜಿ. ಗಾಡಿಯ ಪೇಲೋಡಿನಿಂದಲೇ (ಗಾಡಿ ಹೊರಬಹುದಾದ ತೂಕದಿಂದ) ಕಳೆಯಬೇಕು. ಐದು ಜನ 350, ಬ್ಯಾಗು 60, ಇದೂ ಸೇರಿದರೆ 500; ಅಷ್ಟು ನಿಮ್ಮ ಗಾಡಿಯ ಪೇಲೋಡಿನೊಳಗಿದೆಯೇ ನೋಡಿ. ಟ್ರೇಲರ್ ಸಿಕ್ಕಿಸುವ ಮೊದಲೂ ಆಮೇಲೂ ಮುಂದಿನ ಚಕ್ರದ ಮೇಲಿನ ಕಮಾನಿನ ಎತ್ತರ ಅಳೆಯಿರಿ. ಗಾಡಿಯ ಮುಂಭಾಗ ಮೇಲೆದ್ದಷ್ಟೂ ಸ್ಟೀರಿಂಗ್ ಹಿಡಿತ ಕಡಿಮೆಯಾಯಿತೆಂದೇ ಅರ್ಥ.

ಟ್ರೇಲರಿನ ಬ್ರೇಕ್ ಓವರ್‌ರನ್ ಬಗೆಯದು: ಟ್ರೇಲರ್ ಗಾಡಿಯನ್ನು ತಳ್ಳಿದಾಗ ಹಿಡಿಯುತ್ತದೆ. ಬಯಲಿನಲ್ಲಿ ಚೆನ್ನಾಗಿದೆ. ಶಿರಾಡಿ ಘಾಟಿ ಇಳಿಯುವಾಗ ಕೆಳ ಗೇರಿನಲ್ಲಿದ್ದರೂ ಟ್ರೇಲರ್ ತಳ್ಳುತ್ತಲೇ ಇರುವುದರಿಂದ ಅದರ ಬ್ರೇಕ್ ಬಿಡುವುದೇ ಇಲ್ಲ, ಡ್ರಮ್ ಕಾಯುತ್ತದೆ. ನಡುವೆ ನಿಲ್ಲಿಸಿ ಆರಿಸಿ, ಗುಂಡ್ಯದಲ್ಲಿ ಹಬ್ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಆಗುಂಬೆಯ 14 ತಿರುವುಗಳಿಗೆ ಇದನ್ನು ಒಯ್ಯುವ ಯೋಚನೆಯೇ ಬೇಡ.

ಸುರಕ್ಷಾ ಸರಪಳಿ ಒಂದೇ ಕೊಟ್ಟಿದ್ದಾರೆ. ಎರಡು ಕೇಳಿ ಪಡೆದು, ಕಪ್ಲರಿನಡಿ ಅಡ್ಡಡ್ಡ ದಾಟಿಸಿ ಕಟ್ಟಿ. ಲೈಟಿನ ಸಾಕೆಟ್‌ಗೆ ಮುಚ್ಚಳವಿಲ್ಲ, ಮಲ್ಪೆಯಲ್ಲಿ ಒಂದು ಮಳೆಗಾಲ ಕಳೆದರೆ ಪಿನ್ನುಗಳು ಹಸಿರಾಗುತ್ತವೆ. ಟ್ರೇಲರಿನ ನೋಂದಣಿ ಕಾಗದ ಕೈಗೆ ಬರುವವರೆಗೆ ಬಾಕಿ ಹಣ ಕೊಡಬೇಡಿ.