ಜೀಪಿಗೆ ಹಾಕಿಕೊಳ್ಳುವ ಅಗ್ಗದ ಸಾಮಾನು: ಟಾರ್ಪಾಲು ಪಾಸ್, ಪಂಪ್ ಪರವಾಗಿಲ್ಲ

ಕ್ಯಾಂಪಿಂಗ್ ಟೆಂಟಿಗೆಂದು ಆನ್‌ಲೈನಲ್ಲಿ ಸಾವಿರಗಟ್ಟಲೆ ಸುರಿಯುವ ಮೊದಲು ಕುಂಬಳೆ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಒಮ್ಮೆ ಹೋಗಿ ಮಾರಾಯ್ರೇ. ಅಡಿಕೆ ಅಂಗಳಕ್ಕೆ ಹೊದಿಸುವ ಟಾರ್ಪಾಲು ಉಂಟಲ್ವಾ, ಅದೇ ಸಾಕು. ಆದರೆ ತೀರಾ ತೆಳುವಾದ ನೀಲಿ ಟಾರ್ಪಾಲು ಬೇಡ. 150 ಜಿಎಸ್ಎಂಗೆ ಕಡಿಮೆ ಇಲ್ಲದ್ದು ಕೇಳಿ. ಅಂದರೆ ಚದರ ಮೀಟರಿಗೆ 150 ಗ್ರಾಂ ತೂಕದ್ದು. ಅಂಚು ಮಡಚಿ ಒಳಗೆ ಹಗ್ಗ ಸೇರಿಸಿದ್ದಾರಾ ಎಂದು ಬೆರಳಲ್ಲಿ ಒತ್ತಿ ನೋಡಿ. ಹಗ್ಗ ಇಲ್ಲದ್ದು ಪೊಸಡಿಗುಂಪೆ ಗುಡ್ಡದ ಗಾಳಿಗೆ ರಿಂಗ್ ಸಮೇತ ಕಿತ್ತು ಬರುತ್ತದೆ.

12 ವೋಲ್ಟಿನ ಟಯರ್ ಪಂಪ್ ಬೇಕೇ ಬೇಕು. ಕೆಸರಿನಲ್ಲಿ ಗಾಳಿ ಇಳಿಸಿದರೆ ಟಯರ್ ಅಗಲವಾಗಿ ಕೂತು ಹಿಡಿತ ಸಿಗುತ್ತದೆ, ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಬೇಕಲ್ಲ! ನನ್ನದು ಅಗ್ಗದ್ದು. ಗಲಾಟೆ ಜಾಸ್ತಿ, ವಯರು ಹಿಂದಿನ ಚಕ್ರಕ್ಕೆ ಎಟಕುವುದಿಲ್ಲ. ಎರಡು ಟಯರ್ ಆಗುವಾಗ ಮುಟ್ಟಲಾಗದಷ್ಟು ಬಿಸಿ, ಸ್ವಲ್ಪ ಆರಲು ಬಿಡಬೇಕು. ಆದರೂ ಕೆಲಸ ಮಾಡುತ್ತದೆ. ಸಿಗರೇಟ್ ಲೈಟರ್ ಸಾಕೆಟಿಗಿಂತ ಬ್ಯಾಟರಿಗೆ ಕ್ಲಿಪ್ ಹಾಕುವ ಮಾದರಿ ಒಳ್ಳೆಯದು, ಫ್ಯೂಸ್ ಹೋಗುವ ತಲೆಬಿಸಿ ಇಲ್ಲ.

ತಲೆಗೆ ಕಟ್ಟುವ ಟಾರ್ಚು ಯಾವುದಾದರೂ ಸರಿ, ಎರಡೂ ಕೈ ಖಾಲಿ ಇರುತ್ತದೆ.

ಮಳೆಗಾಲದಲ್ಲಿ ರಾಣಿಪುರಂ ಬೆಟ್ಟದ ಕಡೆ ಹೋಗುವವರು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಳ್ಳಿ. ಇಂಬಳ (ಜಿಗಣೆ) ಕಚ್ಚಿದಲ್ಲಿ ಒತ್ತಿದರೆ ಬಿಟ್ಟು ಬೀಳುತ್ತದೆ. ಪೇಟೆಯ ದುಬಾರಿ ಸ್ಪ್ರೇ ಸುಮ್ನೆ ದಂಡ.

ಮಡಚುವ ಕುರ್ಚಿ ಮಾತ್ರ ಅಗ್ಗದ್ದು ತೆಗೆದುಕೊಳ್ಳಬೇಡಿ. ನಮ್ಮ ಭಾವ ಕೂತ ಮೇಲೆ ಅದು ಮತ್ತೆ ಬಿಚ್ಚಲೇ ಇಲ್ಲ.