ಹಜಾರ್ಡ್ ಪರ್ಸೆಪ್ಷನ್ ಪರೀಕ್ಷೆಯ ತಯಾರಿ: ನಾನು ಬಳಸಿ ನೋಡಿದ ನಾಲ್ಕು ದಾರಿಗಳು

ಬ್ರಿಟನ್ನಿಗೆ ಬಂದು ನೆಲೆಸಿ ಹನ್ನೆರಡು ತಿಂಗಳು ತುಂಬಿದ ಮೇಲೆ ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಊರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರೂ ಪ್ರಾವಿಷನಲ್ ಲೈಸೆನ್ಸ್ (ಕಲಿಯುವವರ ಲೈಸೆನ್ಸ್) ಪಡೆದು ಥಿಯರಿ ಪರೀಕ್ಷೆಯಿಂದಲೇ ಶುರುಮಾಡಬೇಕು. ಆ ಪರೀಕ್ಷೆಯ ಮೊದಲ ಭಾಗದಲ್ಲಿ 50 ಪ್ರಶ್ನೆಗಳಿಗೆ 43 ಸರಿಯುತ್ತರ ಬೇಕು. ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಓದಿಕೊಂಡು ಹೋದವರಿಗೆ ಅದು ದೊಡ್ಡ ತೊಡಕಲ್ಲ. ನಮ್ಮವರಲ್ಲಿ ಅನೇಕರು ಎಡವುವುದು ಎರಡನೆಯ ಭಾಗದಲ್ಲಿ, ಅಂದರೆ 2002ರಿಂದ ಜಾರಿಯಲ್ಲಿರುವ ಹಜಾರ್ಡ್ ಪರ್ಸೆಪ್ಷನ್ ಪರೀಕ್ಷೆಯಲ್ಲಿ. ಚಾಲಕನ ಕಣ್ಣಿಗೆ ಕಾಣುವಂಥ ರಸ್ತೆಯ ವಿಡಿಯೊ ಕ್ಲಿಪ್ ನೋಡುತ್ತ, ಅಪಾಯ ಎದುರಾಗುತ್ತಿದೆ ಎನಿಸಿದ ಕೂಡಲೇ ಮೌಸ್ ಕ್ಲಿಕ್ ಮಾಡುವ ಪರೀಕ್ಷೆ ಇದು. ಇದಕ್ಕೆಂದು ನಾನು ಬಳಸಿದ ಅಧಿಕೃತ ಆ್ಯಪ್, ಒಂದು ಖಾಸಗಿ ಆ್ಯಪ್, ಯೂಟ್ಯೂಬಿನ ಉಚಿತ ವಿಡಿಯೊಗಳು ಮತ್ತು ರಸ್ತೆಯಲ್ಲಿ ಬಾಯಿಬಿಟ್ಟು ಹೇಳುತ್ತ ನೋಡುವ ಅಭ್ಯಾಸ, ಈ ನಾಲ್ಕನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ.

ಹೋಲಿಕೆಗೆ ಮೊದಲು ಪರೀಕ್ಷೆಯ ಒಳಮರ್ಮವನ್ನು ಹೇಳಬೇಕು, ಏಕೆಂದರೆ ಯಾವ ದಾರಿ ಎಷ್ಟು ಉಪಯೋಗವೆಂಬುದು ಅದರ ಮೇಲೆಯೇ ನಿಂತಿದೆ. ಕಾರಿನ ಪರೀಕ್ಷೆಯಲ್ಲಿ ಸುಮಾರು ಒಂದೊಂದು ನಿಮಿಷದ 14 ಕ್ಲಿಪ್‌ಗಳಿರುತ್ತವೆ. ಅವುಗಳಲ್ಲಿ ಒಟ್ಟು 15 ಅಪಾಯಗಳು ರೂಪುಗೊಳ್ಳುತ್ತವೆ, ಅಂದರೆ ನಮ್ಮ ವೇಗವನ್ನೋ ದಿಕ್ಕನ್ನೋ ಬದಲಿಸಬೇಕಾದ ಸ್ಥಿತಿಗೆ ಬರುತ್ತವೆ. ಎರಡು ಅಪಾಯಗಳಿರುವ ಕ್ಲಿಪ್ ಯಾವುದೆಂದು ಮೊದಲೇ ತಿಳಿಸುವುದಿಲ್ಲ. ಒಂದೊಂದಕ್ಕೂ ಗರಿಷ್ಠ 5 ಅಂಕ, ಒಟ್ಟು 75. ಪಾಸಾಗಲು 44 ಬೇಕು. ಅಪಾಯ ರೂಪುಗೊಳ್ಳಲು ಆರಂಭಿಸಿದ ಕ್ಷಣದಿಂದ ಅಂಕದ ಅವಧಿ ತೆರೆದುಕೊಳ್ಳುತ್ತದೆ. ಆರಂಭದಲ್ಲೇ ಕ್ಲಿಕ್ ಮಾಡಿದರೆ ಐದು. ತಡವಾದಷ್ಟೂ ಅಂಕ ಇಳಿಯುತ್ತ ಹೋಗಿ ಕೊನೆಗೆ ಸೊನ್ನೆ ಮುಟ್ಟುತ್ತದೆ. ಆ ಅವಧಿ ತೆರೆಯುವ ಮೊದಲೇ ಕ್ಲಿಕ್ ಮಾಡಿ ಸುಮ್ಮನಾದರೂ ಸಿಗುವುದು ಸೊನ್ನೆಯೇ. ಹಾಗೆಂದು ಒಂದೇ ಸಮನೆ ಅಥವಾ ಒಂದು ಲಯದಲ್ಲಿ ಒತ್ತುತ್ತ ಕುಳಿತರೆ ಆ ಇಡೀ ಕ್ಲಿಪ್ಪಿಗೆ ಅಂಕವಿಲ್ಲ. ಆದ್ದರಿಂದ ಕಣ್ಣಿಗೊಂದು ಪರೀಕ್ಷೆ, ಬೆರಳಿಗೊಂದು ಪರೀಕ್ಷೆ ಎಂದು ಇವನ್ನು ಬೇರೆಬೇರೆಯಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ನಾನು ಬಳಸಿದ ನಾಲ್ಕು ದಾರಿಗಳಲ್ಲಿ ಯಾವುದೂ ಎರಡನ್ನೂ ಸಮನಾಗಿ ಕಲಿಸಲಿಲ್ಲ.

ಅಧಿಕೃತ ಆ್ಯಪ್, ಎಂದರೆ ಪರೀಕ್ಷೆ ನಡೆಸುವ ಸರ್ಕಾರಿ ಸಂಸ್ಥೆಯಾದ ಡಿವಿಎಸ್‌ಎ ಹೆಸರಿನಲ್ಲಿಯೇ ಬರುವುದು, ಬೆರಳಿಗೆ ಅತ್ಯುತ್ತಮ ಗುರು. ಇದರಲ್ಲಿನ ಕ್ಲಿಪ್‌ಗಳು ಪರೀಕ್ಷೆಯಲ್ಲಿರುವಂತೆಯೇ ಕಂಪ್ಯೂಟರಿನಲ್ಲಿ ರಚಿಸಿದ ದೃಶ್ಯಗಳು (2015ರಿಂದ ಪರೀಕ್ಷೆಯೂ ಇಂಥ ದೃಶ್ಯಗಳಿಗೆ ಬದಲಾಗಿದೆ). ಹೀಗಾಗಿ ಆ ತುಸು ಕೃತಕವಾದ ಬೆಳಕು, ಬೊಂಬೆಯಂತೆ ನಡೆಯುವ ಪಾದಚಾರಿಗಳು, ಎಲ್ಲವೂ ಮೊದಲೇ ಪರಿಚಯವಾಗಿರುತ್ತವೆ. ಕ್ಲಿಪ್ ಮುಗಿದ ಮೇಲೆ ಅಂಕದ ಅವಧಿ ಎಲ್ಲಿ ತೆರೆಯಿತು, ನನ್ನ ಕ್ಲಿಕ್ ಎಲ್ಲಿ ಬಿತ್ತು ಎಂಬುದನ್ನು ನೋಡಬಹುದಾದದ್ದೇ ಇದರ ನಿಜವಾದ ಬೆಲೆ. ಒಂದು ಉದಾಹರಣೆ ಕೊಡುತ್ತೇನೆ. ಮನೆಗಳ ಸಾಲಿನ ಕಿರಿದಾದ ಬೀದಿ. ಎಡಗಡೆ ನಿಲ್ಲಿಸಿದ ಕಾರುಗಳು. ದೂರದ ಪಾದಚಾರಿ ಮಾರ್ಗದಲ್ಲಿ ಒಬ್ಬ ವ್ಯಕ್ತಿ ನಡೆದು ಬರುತ್ತಿದ್ದಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದ ಕಣ್ಣು ಅವನನ್ನು ಕಂಡ ಕೂಡಲೇ 'ಇವನು ಅಡ್ಡ ಬರುತ್ತಾನೆ' ಎಂದು ತೀರ್ಮಾನಿಸಿ ಬೆರಳನ್ನು ಒತ್ತಿಸುತ್ತದೆ. ಆದರೆ ಅಂಕದ ಅವಧಿ ತೆರೆಯುವುದು ಅವನು ರಸ್ತೆಯ ಕಡೆಗೆ ತಿರುಗಿ ಅಂಚಿಗೆ ಬಂದಾಗ. ನೋಡಿದಾಗ ಒಮ್ಮೆ, ಅವನು ತಿರುಗಿದಾಗ ಇನ್ನೊಮ್ಮೆ ಒತ್ತಬೇಕೆಂಬ ಶಿಸ್ತು ನನ್ನ ಕೈಗೆ ಬಂದದ್ದು ಈ ಆ್ಯಪ್‌ನಿಂದಲೇ. ಕೊರತೆಯೆಂದರೆ ಕ್ಲಿಪ್‌ಗಳ ಸಂಖ್ಯೆ ಮಿತವಾಗಿದೆ. ಅವೇ ಮತ್ತೆ ಮತ್ತೆ ಬಂದಾಗ ಅಪಾಯವನ್ನು ಗುರುತಿಸುವ ಬದಲು ನೆನಪಿನಿಂದ ಒತ್ತತೊಡಗುತ್ತೇವೆ. ಅಂಕ ಏರುತ್ತದೆ, ಕಲಿಕೆ ಏರುವುದಿಲ್ಲ. ಬೆಲೆಯ ವಿಷಯಕ್ಕೆ ಬಂದರೆ, ಪರೀಕ್ಷೆಯ ಶುಲ್ಕವೇ 23 ಪೌಂಡ್ ಇರುವಾಗ, ಅದರ ಮುಂದೆ ಇದು ಸಣ್ಣ ಖರ್ಚು.

ಖಾಸಗಿ ಆ್ಯಪ್‌ಗಳಲ್ಲಿ ಕೆಲವು ಅಧಿಕೃತ ಕ್ಲಿಪ್‌ಗಳನ್ನೇ ಪರವಾನಗಿ ಪಡೆದು ಬಳಸುತ್ತವೆ. ನಾನು ಪ್ರಯತ್ನಿಸಿದ್ದು ತಾನೇ ಚಿತ್ರೀಕರಿಸಿದ ನಿಜರಸ್ತೆಯ ಕ್ಲಿಪ್‌ಗಳಿದ್ದ ಆ್ಯಪ್. ಕ್ಲಿಪ್‌ಗಳು ಧಾರಾಳವಾಗಿದ್ದವು, ಮಳೆ, ಮಬ್ಬು, ಹಳ್ಳಿಗಾಡಿನ ತಿರುವು ಎಲ್ಲವೂ ಇದ್ದವು. ಆದರೆ ಅಂಕದ ಅವಧಿ ಎಲ್ಲಿ ತೆರೆಯಬೇಕೆಂಬುದನ್ನು ತಯಾರಿಸಿದವರು ತಮಗೆ ತೋಚಿದಂತೆ ಗೊತ್ತುಮಾಡಿದಂತಿತ್ತು. ಕೆಲವು ಕಡೆ ವಾಹನ ಬ್ರೇಕ್ ಹಾಕಿಯಾದ ಮೇಲೆ ಅವಧಿ ತೆರೆಯುತ್ತಿತ್ತು. ಇನ್ನು ಕೆಲವು ಕಡೆ ಅಡ್ಡರಸ್ತೆಯ ಫಲಕ ಕಂಡ ಮಾತ್ರಕ್ಕೇ ಐದು ಅಂಕ. ಕಣ್ಣಿಗೆ ವೈವಿಧ್ಯ ಬೇಕೆನ್ನುವವರು ಇಂಥದ್ದನ್ನು ಬಳಸಲಿ, ಆದರೆ ಅದು ತೋರಿಸುವ ಅಂಕವನ್ನು ಗಂಭೀರವಾಗಿ ತೆಗೆದುಕೊಳ್ಳಬಾರದು.

ಯೂಟ್ಯೂಬಿನ ಉಚಿತ ವಿಡಿಯೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರೀಕ್ಷೆ ಹೇಗಿರುತ್ತದೆಂದು ಮೊದಲ ಸಲ ತಿಳಿಯಲು ಅವು ಸಾಕು. ವಿಡಿಯೊ ನಮ್ಮ ಕ್ಲಿಕ್ಕನ್ನು ದಾಖಲಿಸುವುದಿಲ್ಲವಾದ್ದರಿಂದ ಅದಕ್ಕಿಂತ ಮುಂದೆ ಪ್ರಯೋಜನವಿಲ್ಲ.

ನಾಲ್ಕನೆಯದು ಇಲ್ಲಿನ ಡ್ರೈವಿಂಗ್ ಶಿಕ್ಷಕರು ಹೇಳಿಕೊಡುವ ಕಾಮೆಂಟರಿ ಅಭ್ಯಾಸ, ಅಂದರೆ ಮುಂದೆ ಕಾಣುವುದನ್ನೂ ಅದರಿಂದ ಏನಾಗಬಹುದೆಂಬುದನ್ನೂ ಬಾಯಿಬಿಟ್ಟು ಹೇಳುತ್ತ ಸಾಗುವುದು. ಪಾಠದ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದು ಹೀಗೆ ಮಾತಾಡುವುದು ಕಷ್ಟ. ಗೆಳೆಯರ ಕಾರಿನ ಪಕ್ಕದ ಸೀಟಿನಲ್ಲಾಗಲಿ, ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸಾಲಿನಲ್ಲಾಗಲಿ ಕುಳಿತು ಮಾಡುವುದು ಸುಲಭ. ಬಸ್ಸಿನಲ್ಲಿ ಮಾತ್ರ ಮನಸ್ಸಿನೊಳಗೇ ಹೇಳಿಕೊಳ್ಳುವುದು ಲೇಸು, ಇಲ್ಲವಾದರೆ ಪಕ್ಕದವರು ಎದ್ದು ಹೋಗುತ್ತಾರೆ. ನಾನು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆ: 'ನಿಂತ ವ್ಯಾನಿನ ಕೆಳಗೆ ಎರಡು ಪಾದ ಕಾಣುತ್ತಿವೆ, ಯಾರೋ ಹೊರಬರುತ್ತಾರೆ, ಆ ಕಾರಿನ ಮುಂದಿನ ಚಕ್ರ ಹೊರಗೆ ತಿರುಗಿದೆ, ಸ್ಟಾಪಿನಲ್ಲಿದ್ದ ಬಸ್ ಬಲಗಡೆಯ ಇಂಡಿಕೇಟರ್ ಹಾಕಿತು, ಸೈಕಲ್ಲಿನವನು ಹಿಂತಿರುಗಿ ನೋಡಿದ, ಮುಂದಿರುವ ಕಾರನ್ನು ಬಳಸಿ ಹೋಗಲಿದ್ದಾನೆ.' ಹೀಗೆ ಕೆಲಕಾಲ ಮಾಡಿದ ಮೇಲೆ, ಸುಮ್ಮನೆ ಅಲ್ಲಿ ಇರುವ ಅಪಾಯಕ್ಕೂ ನಮ್ಮ ವೇಗವನ್ನೋ ದಿಕ್ಕನ್ನೋ ಬದಲಿಸಲೇಬೇಕಾಗಿ ಬರುವ ಅಪಾಯಕ್ಕೂ ಇರುವ ಅಂತರ ತಾನಾಗಿ ತಿಳಿಯುತ್ತದೆ. ಪರೀಕ್ಷೆ ಅಂಕ ಕೊಡುವುದು ಎರಡನೆಯದಕ್ಕೆ ಮಾತ್ರ. ಪರೀಕ್ಷೆಯ ಕ್ಲಿಪ್‌ಗಳು ಮೊದಲೇ ನೋಡಲು ಸಿಗುವುದಿಲ್ಲವಾದ್ದರಿಂದ, ಹೊಸ ರಸ್ತೆಯನ್ನು ಓದುವ ಈ ಶಕ್ತಿಯನ್ನು ಯಾವ ಆ್ಯಪ್ ಕೂಡ ಇಷ್ಟರಮಟ್ಟಿಗೆ ಕೊಡಲಾರದು. ಅಂಕದ ಲೆಕ್ಕ ಮಾತ್ರ ಇದರಲ್ಲಿಲ್ಲ. ಇದನ್ನಷ್ಟೇ ನಂಬಿ ಹೋದ ಒಳ್ಳೆಯ ಚಾಲಕನೂ ಬೇಗ ಒತ್ತಿ ಅಂಕ ಕಳೆದುಕೊಳ್ಳಬಹುದು.

ಒಂದೇ ಒಂದಕ್ಕೆ ಹಣ ಹಾಕುವುದಾದರೆ ಅಧಿಕೃತ ಆ್ಯಪ್ಪಿಗೆ ಹಾಕಬೇಕು, ಆದರೆ ಅದನ್ನು ಮೊದಲ ದಿನವೇ ತೆರೆಯಬಾರದು. ಕಾಮೆಂಟರಿಯಿಂದ ಕಣ್ಣು ಹದವಾದ ಮೇಲೆ, ಪರೀಕ್ಷೆಗೆ ಸ್ವಲ್ಪ ಮುಂಚೆ ತೆರೆದರೆ ಅದರ ಮಿತವಾದ ಕ್ಲಿಪ್‌ಗಳು ಬಾಯಿಪಾಠವಾಗುವ ಮೊದಲೇ ಕೆಲಸಕ್ಕೆ ಬರುತ್ತವೆ. ಫೋನಿನ ಬಗ್ಗೆಯೂ ಒಂದು ಎಚ್ಚರ. ಪರೀಕ್ಷಾ ಕೇಂದ್ರದಲ್ಲಿರುವುದು ಮಾನಿಟರ್ ಮತ್ತು ಮೌಸ್. ಅಂಗೈಯಗಲದ ಪರದೆಯಲ್ಲಿ ದೂರದ ಬ್ರೇಕ್ ಲೈಟು ಚುಕ್ಕೆಯಷ್ಟೇ ಆಗಿ ತಡವಾಗಿ ಕಾಣುತ್ತದೆ, ಹೆಬ್ಬೆರಳಿನ ಅಭ್ಯಾಸವೂ ಮೌಸಿನ ಅಭ್ಯಾಸವೂ ಒಂದೇ ಅಲ್ಲ. ಸಾಧ್ಯವಿದ್ದವರು ಕೊನೆಯ ಸುತ್ತನ್ನು ದೊಡ್ಡ ಪರದೆಯ ಮುಂದೆ ಮೌಸ್ ಹಿಡಿದೇ ಮಾಡಬೇಕು.

ಲಾರಿ ಅಥವಾ ಬಸ್ ಲೈಸೆನ್ಸಿಗೆ ಹೊರಟವರ ಲೆಕ್ಕ ಬೇರೆ: 19 ಕ್ಲಿಪ್, 20 ಅಪಾಯ, 100ಕ್ಕೆ 67 ಅಂಕ. ಅಲ್ಲಿ ತಪ್ಪಿಗೆ ಎಡೆ ಕಡಿಮೆ, ಕುಳಿತು ನೋಡುವ ಎತ್ತರವೂ ಬೇರೆ. ಅವರಿಗೆ ಗೆಳೆಯರ ಕಾರಿಗಿಂತ ಡಬಲ್ ಡೆಕ್ಕರಿನ ಮುಂದಿನ ಸೀಟೇ ಹೆಚ್ಚು ಉಪಯೋಗಕ್ಕೆ ಬಂದೀತು.