ವರ್ಷದ ಲೆಕ್ಕವೋ, ವಾರದ ಲೆಕ್ಕವೋ, ಅರ್ಧ ದಿನದ ಲೆಕ್ಕವೋ?

ದೇವದುರ್ಗ ತಾಲೂಕಿನ ನಮ್ಮೂರಲ್ಲಿ ಎಷ್ಟು ಜನಕ್ಕೆ ಕೆಲಸ ಇಲ್ಲ? ಸುಲಭದ ಪ್ರಶ್ನೆ ಅಂದುಕೊಂಡಿದ್ದೆ. 2023ರ ಜೂನ್‌ನಿಂದ ಮರುವರ್ಷದ ಮೇವರೆಗೆ, ತಿಂಗಳಿಗೊಂದು ಭಾನುವಾರ ನಮ್ಮ ಓಣಿಯ 20 ಮನೆ ಸುತ್ತಿ ನೋಟ್‌ಬುಕ್ಕಲ್ಲಿ ಬರೆದುಕೊಂಡೆ. ಅದೇ ಜನ, ಅದೇ ಬರಗಾಲ. ಕೇಳುವ ರೀತಿ ಬದಲಾದ ಹಾಗೆ ಉತ್ತರವೂ ಬದಲಾಯಿತು.

ಮೊದಲು ವರ್ಷದ ಲೆಕ್ಕ. ಕಳೆದ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಅಂತ ಕೇಳುವುದು. ಕೆಲಸ ಇರಲಿಲ್ಲ ಅಂದರೂ ನಡುವೆ 30 ದಿನ ದುಡಿದಿದ್ದರೆ ಸಾಕು, ಹೆಸರು ಕೆಲಸಗಾರರ ಪಟ್ಟಿಗೆ. ಕೇಂದ್ರ ಸರ್ಕಾರದ ಉದ್ಯೋಗ-ನಿರುದ್ಯೋಗ ಸಮೀಕ್ಷೆ ಪಿಎಲ್‌ಎಫ್‌ಎಸ್‌ನಲ್ಲಿ ದೇಶದ ಹಳ್ಳಿಗಳ ನಿರುದ್ಯೋಗ 2017-18ರಲ್ಲಿ 5.3% ಇದ್ದದ್ದು 2023-24ಕ್ಕೆ 2.5% ಆಯಿತಲ್ಲ, ಅದು ಈ ಅಳತೆಯದ್ದೇ. ನಮ್ಮ ಓಣಿಯಲ್ಲಿ ಇದಕ್ಕೆ ಸಿಕ್ಕಿದ್ದು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಇಬ್ಬರು ಹುಡುಗರು, ಅಷ್ಟೇ. ಉಳಿದವರಿಗೆ ವರ್ಷವಿಡೀ ಸುಮ್ನೆ ಕೂರುವ ಅನುಕೂಲ ಎಲ್ಲಿದೆ? ಅದೂ ಅಲ್ಲದೆ 365 ದಿನ ಯಾರಿಗೂ ನೆನಪಿರಲ್ಲ. ಕಾರ ಹುಣ್ಣಿಮೆಯಿಂದ ಪಂಚಮಿ, ಅಲ್ಲಿಂದ ದಸರಾ, ಎಳ್ಳಮಾಸಿ, ಯುಗಾದಿ ಅಂತ ತುಂಡು ಮಾಡಿ ಕೇಳಿದ ಮೇಲೆ ಬಾಯಿ ಬಿಟ್ಟರು.

ವಾರದ ಲೆಕ್ಕದಲ್ಲಿ ಸುಗ್ಗಿ ಯಾವಾಗ, ಖಾಲಿ ಯಾವಾಗ ಅನ್ನೋದು ಕಾಣುತ್ತದೆ. ಆದರೆ 7 ದಿನಗಳಲ್ಲಿ ಒಂದು ದಿನ, ಒಂದೇ ಗಂಟೆ ಕೆಲಸ ಮಾಡಿದ್ದರೂ ಉದ್ಯೋಗ ಇದೆ ಅಂತಲೇ. ಫೆಬ್ರುವರಿಯಲ್ಲಿ ಪಕ್ಕದ ಮನೆ ಅಕ್ಕನ್ನ ಕೇಳಿದೆ.

‘ಕೆಲ್ಸ ಎಲ್ಲೈತಪಾ? ಹತ್ತಿ ಬಿಡ್ಸೋದು ಈ ಸಲ ಜಲ್ದಿ ಮುಗೀತು.’

ಎಮ್ಮೆ ಯಾರು ನೋಡ್ತಾರೆ ಅಂದೆ.

‘ನಾನಾ. ಅದೂ ಕೆಲ್ಸ ಏನು?’

ಲೆಕ್ಕದ ಪ್ರಕಾರ ಹೌದು. ಅಕ್ಕ ಉದ್ಯೋಗಸ್ಥೆ.

ಅದೇ ಅಕ್ಕನ ಅದೇ ವಾರವನ್ನು ಅರ್ಧ ದಿನದ ಲೆಕ್ಕಕ್ಕೆ ಹಾಕಿದೆ. ನಿರುದ್ಯೋಗ ಅಳೆಯುವುದು ಹೇಗೆ ಅಂತ ಹೇಳಿದ 1970ರ ದಾಂತ್ವಾಲಾ ಸಮಿತಿಯ ನಂತರ ಕೇಂದ್ರದ ಸಮೀಕ್ಷೆ ಸಂಸ್ಥೆ ಎನ್‌ಎಸ್‌ಎಸ್‌ಒ ಸಮೀಕ್ಷೆಗಳಲ್ಲಿ ಬಳಕೆಗೆ ಬಂದ ಪದ್ಧತಿ ಇದು. 4 ಗಂಟೆ ಅಥವಾ ಅದಕ್ಕಿಂತ ಹೆಚ್ಚಾದರೆ ಪೂರ್ತಿ ದಿನ, 1ರಿಂದ 4 ಗಂಟೆಯೊಳಗಾದರೆ ಅರ್ಧ. ವಾರಕ್ಕೆ 14 ಅರ್ಧ ದಿನ. ಬುಧವಾರ ಮೆಣಸಿನಕಾಯಿ ಬಿಡಿಸಲು ಹೋಗಿದ್ದು 2. ಉಳಿದ ಆರು ದಿನ ಎಮ್ಮೆಯದು ಅರ್ಧರ್ಧ, 6. ಇನ್ನೂ 6 ಉಳಿದವು. ಆಗ ಕೂಲಿ ಸಿಕ್ಕಿದ್ದರೆ ಹೋಗ್ತಿದ್ಯಾ ಅಂದರೆ, ‘ಓಡಿ ಹೋಗ್ತಿದ್ದೆ’ ಅಂದಳು. ಆ 6 ಬೇರೆ ಯಾವ ಅಳತೆಯಲ್ಲೂ ಕಾಣಲ್ಲ. ಕೇಳೋದು ಮಾತ್ರ ತಲೆನೋವು. ಒಂದು ಮನೆಗೆ ಮುಕ್ಕಾಲು ಗಂಟೆ, ಎರಡು ಸಲ ಚಹಾ.

ಉದ್ಯೋಗ ಖಾತ್ರಿಯ ಅಂಕಿಯನ್ನೂ ನೋಡಿದೆ. ಪಂಚಾಯಿತಿವಾರು, ತಿಂಗಳುವಾರು, ಕೂತಲ್ಲೇ ಆನ್‌ಲೈನಲ್ಲಿ ಸಿಗುತ್ತದೆ. ಇಷ್ಟು ಚಿಕ್ಕ ಜಾಗದ ಅಂಕಿ ಪಿಎಲ್‌ಎಫ್‌ಎಸ್‌ನಲ್ಲಿ ಸಿಗಲ್ಲ. ಆದರೆ ಅಕ್ಕ ಅಕ್ಟೋಬರ್‌ನಲ್ಲೇ ಕೆಲಸ ಕೇಳುವ ಅರ್ಜಿ, ನಮೂನೆ 6, ಕೊಟ್ಟಿದ್ದಳು. ಸ್ವೀಕೃತಿ ಚೀಟಿ ಕೊಡಲಿಲ್ಲ. ಕೊಟ್ಟಿದ್ದರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವೇ ನಿರುದ್ಯೋಗ ಭತ್ಯೆ. ಕೊನೆಗೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದ ತಿಂಗಳಲ್ಲಿ ಅವಳ ‘ಬೇಡಿಕೆ’ ಹುಟ್ಟಿತು! ಇದು ಕೊಟ್ಟ ಕೆಲಸದ ಲೆಕ್ಕವೇ ಹೊರತು ಇಲ್ಲದ ಕೆಲಸದ್ದಲ್ಲ.

ಹಾಗಾಗಿ ನನ್ನ ಓಟು ಅರ್ಧ ದಿನಕ್ಕೆ. ಹತ್ತು ವರ್ಷದ ಏರಿಳಿತ ನೋಡಬೇಕೆಂದರೆ ಮಾತ್ರ ವರ್ಷದ ಲೆಕ್ಕ ಸಲೀಸು, ಹಳೆಯ ಅಂಕಿಗಳು ಅದರಲ್ಲಿ ಸಾಲಾಗಿ ಸಿಗುತ್ತವೆ. ಬೆರೆಸಬಾರದು ಅಷ್ಟೇ. 2025ರಿಂದ ಪಿಎಲ್‌ಎಫ್‌ಎಸ್ ತಿಂಗಳ ಅಂಕಿಯನ್ನೂ ಕೊಡುತ್ತಿದೆ. ಅದು ವಾರದ ಲೆಕ್ಕ. ಹಳ್ಳಿ-ಪಟ್ಟಣ ಸೇರಿ ಆ ಏಪ್ರಿಲ್‌ನ 5.1% ಅನ್ನು 2023-24ರ ವಾರ್ಷಿಕ 3.2%ರ ಪಕ್ಕ ಇಟ್ಟು ‘ಜಾಸ್ತಿಯಾಯ್ತು’ ಅನ್ನುವುದು, ಪಾವಲ್ಲಿ ಅಳೆದದ್ದನ್ನು ಸೇರಲ್ಲಿ ಅಳೆದದ್ದರ ಜೊತೆ ಎಣಿಸಿದ ಹಾಗೆ.

ಒಂದು ಕಡೆ ಎಲ್ಲ ಅಳತೆಯೂ ಸೋತವು. ದಸರಾ ಆದ ಮೇಲೆ 20ರಲ್ಲಿ 6 ಮನೆಗೆ ಬೀಗ. ಗುಳೆ ಹೋಗಿದ್ದರು, ಬೆಂಗಳೂರಿಗೆ. ಮೊದಮೊದಲು ಅವರನ್ನು ಬಿಟ್ಟು ಭಾಗಿಸಿದೆ. ನಿರುದ್ಯೋಗ ಇಳಿದಂತೆ ಕಂಡಿತು, ನಗು ಬಂತು. ಆಮೇಲೆ ಬೀಗಕ್ಕೆಂದೇ ಬೇರೆ ಗೆರೆ ಎಳೆದೆ. ಯುಗಾದಿಗೆ ಅವರು ಊರಿಗೆ ಬಂದಾಗ, ಹೋಗುವ ಮುಂಚಿನ ವಾರ ಇಲ್ಲಿ ಎಷ್ಟು ದಿನ ಕೂಲಿ ಸಿಕ್ಕಿತ್ತು ಅಂತ ಕೇಳಿ ಅದನ್ನು ತುಂಬಿದೆ.